ನೊಣ ಹಿಡಿಯುವ ಗಿಡ ನಿಮ್ಮ ಮನೆಯಲ್ಲೂ ಬೆಳೆದೀತು

ದನ ಹುಲ್ಲು ತಿನ್ನುತ್ತದೆ, ಮೇಕೆ ಸೊಪ್ಪು ತಿನ್ನುತ್ತದೆ, ಹುಳ ಎಲೆ ತಿನ್ನುತ್ತದೆ. ತಿನ್ನುವುದು ಪ್ರಾಣಿಗಳ ಕೆಲಸ, ತಿನ್ನಿಸಿಕೊಳ್ಳುವುದು ಗಿಡದ ಹಣೆಬರಹ ಎಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ, ಅಲ್ಲವೆ? ಆದರೆ ಈ ಲೆಕ್ಕವನ್ನು ತಿರುವುಮುರುವು ಮಾಡುವ ಗಿಡಗಳೂ ಇವೆ. ಹುಳಹುಪ್ಪಟೆಗಳನ್ನು ಹಿಡಿದು, ಅರಗಿಸಿಕೊಂಡು, ಹೂ ಬಿಟ್ಟು, ಬೀಜ ಕಟ್ಟಿ ಅವು ಸಂಸಾರ ನಡೆಸುತ್ತವೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಕೀಟಾಹಾರಿ ಸಸ್ಯಗಳು' ಎಂದು ಓದಿದ್ದು ನಿಮಗೂ ನೆನಪಿರಬಹುದು. ಹೂಜಿ ಗಿಡದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಸಿಕ್ಕಷ್ಟು ಅಂಕ ಗಿಟ್ಟಿಸಿ, ಆಮೇಲೆ ಮರೆತುಬಿಟ್ಟಿರುತ್ತೇವೆ.

ಆ ಚಿತ್ರದ ಗಿಡ ನಮ್ಮ ಮನೆಯ ಬಾಲ್ಕನಿಯಲ್ಲೇ ತೂಗುತ್ತಿದ್ದರೆ ಹೇಗೆ? ಖಂಡಿತ ಸಾಧ್ಯ. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಕರಾವಳಿಯಿಂದ ಬೆಂಗಳೂರಿಗೆ ಬಂದವಳು. ಆರು ವರ್ಷಗಳಿಂದ ಈ ಗಿಡಗಳನ್ನು ಸಾಕುತ್ತಿದ್ದೇನೆ. ಸೇವಂತಿಗೆ, ಗುಲಾಬಿ ಬೆಳೆಸಿದ ಕೈಗೆ ಇದು ಬೇರೆಯದೇ ಪಾಠ. ಏಕೆಂದರೆ ನಾವು ಗೃಹಿಣಿಯರಿಗೆ ಪ್ರೀತಿ ಎಂದರೆ ಬಡಿಸುವುದು. ಮಕ್ಕಳಿಗೆ ಇನ್ನೊಂದು ದೋಸೆ, ನೆಂಟರಿಗೆ ಇನ್ನೊಂದು ಸೌಟು ಪಾಯಸ, ಗಿಡಕ್ಕೆ ಇನ್ನೊಂದು ಹಿಡಿ ಗೊಬ್ಬರ. ಈ ಗಿಡಗಳು ಮಾತ್ರ ನಮ್ಮ ಉಪಚಾರದಿಂದಲೇ ಸಾಯುತ್ತವೆ! ಇವಕ್ಕೆ ಏನು ಕೊಡಬಾರದು ಎಂದು ಕಲಿತರೆ ಮುಕ್ಕಾಲು ವಿದ್ಯೆ ಕಲಿತ ಹಾಗೆ.

ಹುಳ ಯಾಕೆ ಬೇಕು?

ಈ ಗಿಡಗಳೂ ಉಳಿದ ಹಸಿರು ಗಿಡಗಳ ಹಾಗೇ ಬಿಸಿಲಿನಲ್ಲಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತವೆ. ಆದರೆ ಅವು ಹುಟ್ಟುವ ಜಾಗ ಬಡವರ ಜಾಗ. ಜೌಗು ನೆಲ, ಮರಳು ನೆಲ, ಬಂಡೆಯ ಮೇಲಿನ ಅರ್ಧ ಗೇಣು ಮಣ್ಣು ಇಂಥ ಕಡೆ ಸದಾ ನೀರು ಹರಿದು ಸಾರವೆಲ್ಲ ತೊಳೆದುಹೋಗಿರುತ್ತದೆ. ಮಣ್ಣಿನಲ್ಲಿ ಸಿಗದ ಸಾರಜನಕ, ರಂಜಕಗಳನ್ನು ಅವು ಹುಳದ ಮೈಯಿಂದ ಪಡೆಯುತ್ತವೆ. ಹುಳ ಅವಕ್ಕೆ ಅನ್ನವಲ್ಲ, ಟಾನಿಕ್ಕು. ನಾಲ್ಕು ದಿನ ಹುಳ ಸಿಗದಿದ್ದರೆ ಗಿಡ ಸಾಯುವುದಿಲ್ಲ. ನಾಲ್ಕು ದಿನ ಕೆಟ್ಟ ನೀರು ಕುಡಿಸಿದರೆ ಸೊರಗತೊಡಗುತ್ತದೆ.

ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1860ರ ಬೇಸಿಗೆಯಲ್ಲಿ ಬಯಲಿನಲ್ಲಿ ಅಡ್ಡಾಡುವಾಗ ಒಂದು ಪುಟ್ಟ ಗಿಡದ ಅಂಟು ಎಲೆಗಳಲ್ಲಿ ಹುಳಗಳು ಸಿಕ್ಕಿಬಿದ್ದದ್ದು ಕಂಡರು. ಅಲ್ಲಿಂದ ಹದಿನೈದು ವರ್ಷ ಬಿಡುವಾದಾಗಲೆಲ್ಲ ಪ್ರಯೋಗ ಮಾಡಿ, 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆಯೇ ಒಂದು ದಪ್ಪ ಪುಸ್ತಕ ಹೊರತಂದರು.

'ಅವರು ದೊಡ್ಡ ವಿಜ್ಞಾನಿ, ನಮ್ಮಂಥವರಿಗೆಲ್ಲಿ ಇದೆಲ್ಲ' ಅನ್ನಬೇಡಿ. ಆ ಪುಸ್ತಕದಲ್ಲಿ ಡಾರ್ವಿನ್ ಗೌರವದಿಂದ ಹೆಸರಿಸಿರುವ ಒಬ್ಬ ಹೆಂಗಸಿದ್ದಾಳೆ. ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್. 1874ರಲ್ಲಿ ಗಂಡನಿಂದ ಬೇರೆಯಾದಳು. ಮನೆಯಲ್ಲೇ ಗಿಡ, ಜೇಡ, ಇರುವೆಗಳನ್ನು ಸಾಕಿ, ನೋಡಿ, ಪತ್ರಿಕೆಗಳಿಗೆ ಲೇಖನ ಬರೆದು ಹೊಟ್ಟೆ ಹೊರೆದುಕೊಂಡಳು. ನೀರಿನಲ್ಲಿ ಬೆಳೆಯುವ ಯುಟ್ರಿಕ್ಯುಲೇರಿಯ ಎಂಬ ಗಿಡದ ಗುಳ್ಳೆಗಳೊಳಗೆ ಹುಳ ಹೇಗೆ ಸಿಕ್ಕಿಬೀಳುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಕುಳಿತು ನೋಡಿ ಡಾರ್ವಿನ್ನರಿಗೆ ಕಾಗದ ಬರೆದಳು. ಮನೆಯಲ್ಲಿ ಕುಳಿತೇ ಕಂಡದ್ದು. ನಮ್ಮ ಅಡಿಗೆಮನೆ ಕಿಟಕಿಯೂ ಕಡಿಮೆಯದೇನಲ್ಲ, ಅಲ್ಲವೆ?

ಯಾವ ಗಿಡ ತರಬೇಕು?

ಹೊಸದಾಗಿ ಶುರು ಮಾಡುವವರಿಗೆ ಮೂರು ಬಗೆ ಹೇಳುತ್ತೇನೆ. ಸುಲಭದಿಂದ ಕಷ್ಟಕ್ಕೆ ಹೋಗೋಣ.

ಮೊದಲನೆಯದು ಡ್ರಾಸೆರ. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲೂ ಒಂದೊಂದು ಅಂಟಿನ ಹನಿ. ಬೆಳಗಿನ ಬಿಸಿಲಿಗೆ ಇಬ್ಬನಿ ಪೋಣಿಸಿದ ಹಾಗೆ ಮಿನುಗುತ್ತದೆ. ಇಬ್ಬನಿಯೆಂದು ನೆಕ್ಕಲು ಬಂದ ನುಸಿ ಅಂಟಿಕೊಳ್ಳುತ್ತದೆ. ಅಕ್ಕಪಕ್ಕದ ಕೂದಲು ನಿಧಾನವಾಗಿ ಅದರ ಮೇಲೆ ಬಾಗುತ್ತವೆ. ಕೆಲವು ಜಾತಿಗಳಲ್ಲಿ ಎಲೆಯೂ ಸುರುಳಿ ಸುತ್ತುತ್ತದೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದಿಂದ ಬಂದ ಡ್ರಾಸೆರ ಕೇಪೆನ್ಸಿಸ್ ಎಂಬ ಜಾತಿ ಬಲು ಗಟ್ಟಿ ಜೀವ. ಬೀಜದಿಂದಲೂ ಬರುತ್ತದೆ, ಎಲೆಯ ತುಂಡಿನಿಂದಲೂ ಚಿಗುರುತ್ತದೆ. ಮೊದಲ ಗಿಡ ಇದೇ ಆಗಲಿ.

ಎರಡನೆಯದು ನೆಪೆಂಥಿಸ್, ನಮ್ಮ ಪಠ್ಯಪುಸ್ತಕದ ಹೂಜಿ ಗಿಡ. ಇದರ ಎಲೆಯ ತುದಿ ಬಳ್ಳಿಯಂತೆ ಇಳಿದು, ಬಳ್ಳಿಯ ತುದಿ ಉಬ್ಬಿ ಮುಚ್ಚಳದ ಹೂಜಿಯಾಗುತ್ತದೆ. ಮುಚ್ಚಳ ಮಳೆನೀರು ತುಂಬದ ಹಾಗೆ ಕಾಪಾಡುತ್ತದೆ. ಬಾಯಂಚಿನಲ್ಲಿ ಜೇನಿನಂಥ ರಸ. ಅದನ್ನು ಹೀರಲು ಬಂದ ಇರುವೆ ಅಂಚಿನ ಮೇಲೆ ಕಾಲಿಟ್ಟರೆ ಸೋಪು ನೀರು ಚೆಲ್ಲಿದ ಬಚ್ಚಲಿನಲ್ಲಿ ಜಾರಿದಂತೆ ಜಾರಿ ಒಳಗಿನ ರಸಕ್ಕೆ ಬೀಳುತ್ತದೆ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಿಶ್ರತಳಿಯ ಹೂಜಿ ಗಿಡ. ಬೆಂಗಳೂರಿನ ಹವೆಗೆ ಚೆನ್ನಾಗಿ ಒಗ್ಗುತ್ತದೆ.

ಮೂರನೆಯದು ಎಲ್ಲರೂ ಕೇಳುವುದು, ವೀನಸ್ ಫ್ಲೈಟ್ರ್ಯಾಪ್. ಇದು ಭೂಮಿಯ ಮೇಲೆ ತಾನಾಗಿ ಬೆಳೆಯುವುದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನ ರಾಜ್ಯಗಳ ಒಂದು ಪುಟ್ಟ ಕರಾವಳಿ ಪಟ್ಟಿಯಲ್ಲಿ ಮಾತ್ರ. ತೆರೆದ ಪುಸ್ತಕದಂಥ ಎಲೆ, ಅಂಚಿಗೆ ರೆಪ್ಪೆಯಂಥ ಮುಳ್ಳು, ಒಳಗೆ ಪ್ರತಿ ಪಕ್ಕಕ್ಕೂ ಸಾಮಾನ್ಯವಾಗಿ ಮೂರು ಸೂಕ್ಷ್ಮ ಕೂದಲು. ಒಂದು ಸಲ ಕೂದಲು ಮುಟ್ಟಿದರೆ ಗಿಡ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಎರಡನೇ ಸಲ ಮುಟ್ಟಿದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬಿದ್ದ ಕಸಕ್ಕೆಲ್ಲ ಬಾಯಿ ಮುಚ್ಚಿ ಶಕ್ತಿ ಹಾಳು ಮಾಡಿಕೊಳ್ಳಬಾರದೆಂದು ಈ ಎಣಿಕೆ. ಒಳಗೆ ಸಿಕ್ಕಿದ ಹುಳ ಒದ್ದಾಡಿ ಐದಾರು ಸಲ ಕೂದಲು ತಾಗಿದ ಮೇಲೆಯೇ ಜೀರ್ಣರಸ ತಯಾರಿಸಲು ತೊಡಗುತ್ತದೆ ಎಂದು 2016ರಲ್ಲಿ ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದರು. ಎಣಿಸಿ ಖರ್ಚು ಮಾಡುವುದನ್ನು ಈ ಗಿಡದಿಂದ ಕಲಿಯಬೇಕು! ಇದನ್ನು ಸಾಕುವುದು ಸ್ವಲ್ಪ ಕಷ್ಟ. ಯಾಕೆಂದು ಮುಂದೆ ಹೇಳುತ್ತೇನೆ.

ನೀರೇ ಮೊದಲ ಪಾಠ

ನಮ್ಮ ಎದುರು ಮನೆಯವರು ಆಸೆಪಟ್ಟು ಫ್ಲೈಟ್ರ್ಯಾಪ್ ತಂದರು. ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ ಹಾಕಿ, ದಿನಾ ಬೋರ್‌ವೆಲ್ ನೀರು ಹಾಕಿದರು. ಒಂದು ತಿಂಗಳಲ್ಲಿ ಗಿಡ ಕಪ್ಪಾಯಿತು. ಪಾಪ, ಅವರು ಮಾಡಿದ್ದೆಲ್ಲ ಗುಲಾಬಿಗೆ ಸರಿಯಾದದ್ದೇ. ಸಾರವಿಲ್ಲದ ನೆಲದಲ್ಲಿ ಹುಟ್ಟಿದ ಗಿಡದ ಬೇರು ಇಷ್ಟು ಲವಣ ತಾಳಲಾರದು.

ಹಾಗಾಗಿ ಬೋರ್‌ವೆಲ್ ನೀರು ಬೇಡವೇ ಬೇಡ. ನಲ್ಲಿ ನೀರೂ ಬೇಡ. ಅಂಗಡಿಯ ಬಾಟಲಿಯ ಮಿನರಲ್ ವಾಟರ್ ಕೂಡ ಬೇಡ; ಹೆಸರೇ ಹೇಳುತ್ತದಲ್ಲ! ನೀರನ್ನು ಕುದಿಸಿ ಆರಿಸಿದರೆ ಸಾಲದೆ ಎಂದು ಕೇಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಕರಗಿದ ಲವಣ ಬಹುಪಾಲು ಅಲ್ಲೇ ಉಳಿಯುತ್ತದೆ.

ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಹದಿನೈದು ನಿಮಿಷ ಮಳೆ ಟೆರೇಸು ತೊಳೆದುಕೊಂಡು ಹೋಗಲಿ. ಆಮೇಲೆ ಬಂದ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿದು, ಬಾಯಿಗೆ ದಟ್ಟ ಬಟ್ಟೆ ಬಿಗಿದು ಕಟ್ಟಿ, ಮೇಲೆ ಮುಚ್ಚಳ ಹಾಕಿ. ಬೇಸಿಗೆಗೆ ಉಳಿಯದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅಥವಾ ಆರ್‌ಓ ಯಂತ್ರದ ನೀರು. ಆರ್‌ಓ ಆದರೆ ಒಂದು ಎಚ್ಚರಿಕೆ: ಕೆಲವು ಯಂತ್ರಗಳು ಶೋಧಿಸಿದ ನೀರಿಗೆ ಮತ್ತೆ ಖನಿಜ ಸೇರಿಸುತ್ತವೆ. ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ನೀರಿನಲ್ಲಿ ಅದ್ದಿದಾಗ ಅಂಕಿ 50ರೊಳಗೆ ಇದ್ದರೆ ಧೈರ್ಯವಾಗಿ ಹಾಕಬಹುದು.

ಮಣ್ಣಿನ ಹದ

ಇನ್ನು ಅಡುಗೆ ಪುಟದ ಕ್ರಮದಲ್ಲೇ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಉಳಿಯುತ್ತದೆ.

ಡ್ರಾಸೆರ ಮತ್ತು ಫ್ಲೈಟ್ರ್ಯಾಪ್‌ಗೆ ಬೇಕಾಗುವ ಸಾಮಾನು: ಗೊಬ್ಬರ ಬೆರೆಸದ ಪೀಟ್ ಮಾಸ್ 2 ಬಟ್ಟಲು, ಪರ್ಲೈಟ್ 2 ಬಟ್ಟಲು, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡ 1, ಆಳವಿಲ್ಲದ ತಟ್ಟೆ 1, ಮಳೆನೀರು ಬೇಕಾಗುವಷ್ಟು.

ವಿಧಾನ: ಪರ್ಲೈಟನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ, ಅದರ ಪುಡಿ ಮೂಗಿಗೆ ಹೋಗಬಾರದು. ಪೀಟ್ ಒಣಗಿದ್ದರೆ ನೀರು ಹೀರುವುದಿಲ್ಲ, ಮೇಲೆಯೇ ತೇಲುತ್ತದೆ. ಆದ್ದರಿಂದ ಬಿಸಿ ಮಾಡಿದ ಮಳೆನೀರು ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಿ, ಒಂದು ರಾತ್ರಿ ಬಿಡಿ. ಹಿಂಡಿದರೆ ನಾಲ್ಕು ಹನಿ ನೀರು ಬೀಳಬೇಕು, ಅದೇ ಹದ. ಎರಡನ್ನೂ ಬೆರೆಸಿ ಕುಂಡಕ್ಕೆ ತುಂಬಿ ಗಿಡ ನೆಡಿ. ಕುಂಡವನ್ನು ತಟ್ಟೆಯಲ್ಲಿಟ್ಟು ತಟ್ಟೆಗೆ ಒಂದು ಬೆರಳು ನೀರು ಹಾಕಿ. ಗಿಡ ಕೆಳಗಿನಿಂದ ಹೀರಿಕೊಳ್ಳುತ್ತದೆ. ಡ್ರಾಸೆರದ ಅಂಟೂ ತೊಳೆದುಹೋಗುವುದಿಲ್ಲ. ಮಣ್ಣಿನ ಕುಂಡ, ಸಿಮೆಂಟ್ ಕುಂಡ ಬೇಡ, ಅವುಗಳ ಲವಣ ಬಿಡುತ್ತದೆ.

ಪೀಟ್ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಆದೀತು. ಆದರೆ ಅದರಲ್ಲಿ ಉಪ್ಪಿರುತ್ತದೆ. ಅಕ್ಕಿ ತೊಳೆದ ಹಾಗೆ ಹಲವು ನೀರಿನಲ್ಲಿ ತೊಳೆದು, ಕೊನೆಯ ನೀರಿಗೆ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ಉಪಯೋಗಿಸಿ.

ಹೂಜಿ ಗಿಡಕ್ಕೆ ಹದ ಬೇರೆ. ಅದರ ಬೇರಿಗೆ ಗಾಳಿ ಬೇಕು. ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್, ತೊಳೆದ ತೆಂಗಿನ ಸಿಪ್ಪೆಯ ತುಂಡು ಬೆರೆಸಿ ತೂಗುಕುಂಡದಲ್ಲಿ ನೆಡಿ. ತಟ್ಟೆಯ ನೀರಿನಲ್ಲಿ ನಿಲ್ಲಿಸಬೇಡಿ. ಮೇಲಿನಿಂದ ನೀರು ಹಾಕಿ, ಇಳಿದುಹೋಗಲಿ.

ಗೊಬ್ಬರ, ಬೇವಿನ ಹಿಂಡಿ, ಮೊಟ್ಟೆ ಚಿಪ್ಪು, ಅಕ್ಕಿ ತೊಳೆದ ನೀರು, ಟೀ ಸೊಪ್ಪು ಒಂದೂ ಬೇಡ. ಗಿಡ ಸಪ್ಪಗಿದೆ ಎಂದು ಏನಾದರೂ ಹಾಕಲು ಕೈ ತುರಿಸಿದರೆ, ಆ ಕೈಯಿಂದ ಪಕ್ಕದ ದಾಸವಾಳಕ್ಕೆ ಹಾಕಿಬಿಡಿ.

ಬಿಸಿಲು, ನಿದ್ದೆ

ಡ್ರಾಸೆರ, ಫ್ಲೈಟ್ರ್ಯಾಪ್ ಎರಡಕ್ಕೂ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು. ಬಿಸಿಲು ಸಾಕಾದರೆ ಡ್ರಾಸೆರ ಕೆಂಪಗೆ ಹೊಳೆಯುತ್ತದೆ; ಸಾಲದಿದ್ದರೆ ಹಸಿರಾಗಿ, ಅಂಟಿಲ್ಲದೆ ಜೋಲುತ್ತದೆ. ಟೀವಿಯ ಪಕ್ಕದ ಮೂಲೆ ಇವುಗಳ ಜಾಗವಲ್ಲ. ಹೂಜಿ ಗಿಡಕ್ಕೆ ಬೆಳಗಿನ ಎಳೆ ಬಿಸಿಲು, ಆಮೇಲೆ ಒಳ್ಳೆಯ ಬೆಳಕಿನ ನೆರಳು ಸಾಕು. ಮಾರ್ಚ್-ಏಪ್ರಿಲಿನ ಒಣ ಗಾಳಿಗೆ ಅದು ಹೊಸ ಹೂಜಿ ಕಟ್ಟುವುದನ್ನು ನಿಲ್ಲಿಸಬಹುದು. ಗಾಬರಿ ಬೇಡ. ಬೇರೆ ಕುಂಡಗಳ ನಡುವೆ ಇಡಿ, ಸಂಜೆ ನೀರು ಚಿಮುಕಿಸಿ. ಮಳೆ ಹಿಡಿದಮೇಲೆ ಮತ್ತೆ ಕಟ್ಟುತ್ತದೆ.

ಫ್ಲೈಟ್ರ್ಯಾಪ್ ಕಷ್ಟ ಎಂದೆನಲ್ಲ, ಅದಕ್ಕೆ ಕಾರಣ ಚಳಿ. ಅದರ ತವರಿನಲ್ಲಿ ಚಳಿಗಾಲ ಎಂದರೆ ಚಳಿಗಾಲವೇ. ಮೂರು ತಿಂಗಳು ಅದು ಮಲಗಿ, ವಸಂತದಲ್ಲಿ ಏಳಬೇಕು. ನಮ್ಮ ಬೆಂಗಳೂರಿನ ಚಳಿ ರಾತ್ರಿ 15-16 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ, ಆ ಗಿಡಕ್ಕೆ ಅದು ಏನೇನೂ ಸಾಲದು. 10 ಡಿಗ್ರಿಗಿಂತ ಕೆಳಗಿರಬೇಕು. ವರ್ಷ ವರ್ಷ ನಿದ್ದೆ ತಪ್ಪಿದರೆ ಗಿಡ ಸಣ್ಣಗಾಗುತ್ತಾ ಹೋಗುತ್ತದೆ. ಉಪಾಯ ಫ್ರಿಜ್ಜಿನಲ್ಲಿದೆ. ಡಿಸೆಂಬರ್ ಹೊತ್ತಿಗೆ ಗಿಡ ಕಿತ್ತು, ಬೇರಿನ ಮಣ್ಣು ಮೆಲ್ಲಗೆ ತೊಳೆದು, ಕಪ್ಪಾದ ಎಲೆ ಕತ್ತರಿಸಿ, ಒದ್ದೆ ಸ್ಫ್ಯಾಗ್ನಮ್ಮಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತರಕಾರಿ ಡಬ್ಬದಲ್ಲಿಡಿ. ಫ್ರೀಜರಿನಲ್ಲಲ್ಲ! ಹದಿನೈದು ದಿನಕ್ಕೊಮ್ಮೆ ತೆಗೆದು ಬೂಷ್ಟು ಬಂದಿದೆಯೇ ನೋಡಿ. ಫೆಬ್ರವರಿ ಕೊನೆಗೆ ಮತ್ತೆ ಕುಂಡಕ್ಕೆ. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ನಮ್ಮವರು ಒಮ್ಮೆ ಅದನ್ನು ಯಾವುದೋ ಸೊಪ್ಪೆಂದು ಬಿಡಿಸಲು ಕುಳಿತಿದ್ದರು.

ಅತ್ತೆಯವರ ಎರಡು ಷರತ್ತು

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಏಳುವ ಪ್ರಶ್ನೆಯನ್ನೂ ಹೇಳಲೇಬೇಕು. ನಾನು ಹೂಜಿ ಗಿಡ ತಂದ ದಿನ ನಮ್ಮತ್ತೆ, "ಏನಮ್ಮಾ ಇದು, ಚಾತುರ್ಮಾಸದಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೇ ಒಳಗೆ ಸೇರಿಸದ ಮನೆ. ನೀನು ನೋಡಿದರೆ ನೊಣ ತಿನ್ನೋ ಗಿಡ ತಂದಿದ್ದೀಯ!" ಎಂದರು. ನಾನು ವಾದ ಮಾಡಲಿಲ್ಲ. ಅವರೇ ಎರಡು ದಿನ ಯೋಚನೆ ಮಾಡಿ ತೀರ್ಪು ಕೊಟ್ಟರು. "ಅದರ ಹೊಟ್ಟೆ ದೇವರು ಹಾಗೆ ಮಾಡಿದ್ದಾನೆ, ಅದೇನೂ ಯಾರನ್ನೂ ಅಟ್ಟಿಸಿಕೊಂಡು ಹೋಗಿ ಹಿಡಿಯೋದಿಲ್ಲ. ಇರಲಿ. ಆದರೆ ತುಳಸಿ ಹತ್ತಿರ ಇಡಬೇಡ. ಮತ್ತೆ ನಮ್ಮ ಕೈಯಾರೆ ಹುಳ ಹಿಡಿದು ಅದರ ಬಾಯಿಗೆ ಹಾಕೋದು ಬೇಡ."

ಎರಡನೇ ಷರತ್ತು ಗಿಡದ ಶಾಸ್ತ್ರಕ್ಕೂ ಸರಿಯಾಗಿ ಹೊಂದಿತು ನೋಡಿ. ಹೊರಗಿಟ್ಟ ಗಿಡಕ್ಕೆ ಬೇಕಾದ ಇರುವೆ, ನುಸಿ ತಾನಾಗಿ ಬರುತ್ತವೆ, ನಾವು ಉಣ್ಣಿಸಬೇಕಾದ್ದೇ ಇಲ್ಲ. ಅನ್ನ, ಪನ್ನೀರು, ಮಾಂಸದ ಚೂರು ಹಾಕಿದರೆ ಅಲ್ಲೇ ಕೊಳೆತು ಎಲೆಯೇ ಹೋಗುತ್ತದೆ. ಫ್ಲೈಟ್ರ್ಯಾಪಿನ ಒಂದೊಂದು ಎಲೆ ತನ್ನ ಆಯುಸ್ಸಿನಲ್ಲಿ ಕೆಲವೇ ಸಲ ಮುಚ್ಚಿ ತೆರೆಯಬಲ್ಲುದು. ಬಂದ ಮಕ್ಕಳೆಲ್ಲ ಕಡ್ಡಿ ಚುಚ್ಚಿ ಆಟ ನೋಡಿದರೆ ಗಿಡ ಹಸಿದೇ ಮುದಿಯಾಗುತ್ತದೆ. ಈಗ ಪಕ್ಕದ ಮನೆ ಹುಡುಗರು ಬಂದರೆ, "ಅದರ ಹೊಟ್ಟೆ ಮೇಲೆ ಹೊಡೀಬೇಡ್ರೋ" ಎಂದು ಗದರುವವರು ನಮ್ಮತ್ತೆಯೇ.

ಸೊಳ್ಳೆ ಹೋಗುತ್ತದೆಯೆ?

'ಮನೆಯ ಸೊಳ್ಳೆಗೆ ರಾಮಬಾಣ' ಎಂದು ಹೇಳಿ ಈ ಗಿಡ ಮಾರುವವರುಂಟು. ನಂಬಬೇಡಿ. ಒಂದು ಗಿಡ ತನಗೆ ಬೇಕಾದಷ್ಟು ತಿನ್ನುತ್ತದೆ, ಅದು ಬಲು ಸ್ವಲ್ಪ. ಸೊಳ್ಳೆಪರದೆ ತೆಗೆದಿಡುವ ಹಾಗಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು. ಎಚ್ಚರ ತಪ್ಪಿದರೆ ಇದೇ ಗಿಡ ಸೊಳ್ಳೆ ಸಾಕುತ್ತದೆ! ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಸುತ್ತಲಿನ ಇಂಥ ನಿಂತ ನೀರಿನಲ್ಲೇ. ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆ ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ನಾಲ್ಕು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಅಂಚನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು ಹೊಸ ನೀರು ಹಾಕಿ. ನಾನು ಮಂಗಳವಾರ, ಶನಿವಾರ ಎಂದು ಗೊತ್ತು ಮಾಡಿಕೊಂಡಿದ್ದೇನೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದು, ಇಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ತಟ್ಟೆ ಬೇಡದ ಹೂಜಿ ಗಿಡವೊಂದನ್ನೇ ಇಟ್ಟುಕೊಳ್ಳಿ.

ನಮ್ಮ ಪದವಿನ ಹೂಗಳು

ಇಷ್ಟೆಲ್ಲ ಓದಿ, ಇವು ಪರದೇಶದ ಗಿಡಗಳು ಎಂದುಕೊಂಡಿರಾ? ನಮ್ಮ ಭಾರತದಲ್ಲೇ ಡ್ರಾಸೆರ ಇದೆ, ನಮ್ಮ ಕರ್ನಾಟಕದಲ್ಲೇ ಇದೆ. ಕರಾವಳಿಯ ಕಡೆಯವರಿಗೆ 'ಪದವು' ಗೊತ್ತು. ಮುರಕಲ್ಲಿನ ಚಪ್ಪಟೆ ಗುಡ್ಡ. ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ, ಮಳೆಗಾಲದಲ್ಲಿ ಅದರ ಮೇಲೆಲ್ಲ ತೆಳ್ಳಗೆ ನೀರು ಹರಿಯುತ್ತದೆ. ಆಗ ಕಲ್ಲಿನ ತಗ್ಗುಗಳಲ್ಲಿ ಡ್ರಾಸೆರ ಇಂಡಿಕ, ಡ್ರಾಸೆರ ಬರ್ಮಾನಿ ಎಂಬ ಎರಡು ಜಾತಿ ಏಳುತ್ತವೆ. ಎರಡನೆಯದು ನಾಣ್ಯದಂತೆ ನೆಲಕ್ಕೆ ಅಂಟಿಕೊಂಡ ಕೆಂಪು ಹೂವಿನ ಹಾಗೆ ಕಾಣುತ್ತದೆ. ಅವುಗಳ ಜೊತೆಗೇ ನೀಲಿ-ನೇರಳೆ ಬಣ್ಣದ ಪುಟ್ಟ ಹೂಗಳು ಹಾಸಿಕೊಳ್ಳುತ್ತವೆ. ಅದೇ ಯುಟ್ರಿಕ್ಯುಲೇರಿಯ, ಮೇರಿ ಟ್ರೀಟ್ ಹಗಲೆಲ್ಲ ಕುಳಿತು ನೋಡಿದ ಗಿಡದ ದಾಯಾದಿ. ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳಿರುತ್ತವೆ. ನೀರಿನ ಸೂಕ್ಷ್ಮಜೀವಿ ತಾಗಿದೊಡನೆ ಬಾಗಿಲು ತೆರೆದು ಒಳಗೆ ಎಳೆದುಕೊಳ್ಳುತ್ತವೆ. ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ.

ಗಡಿಯಾಚೆ ಕೇರಳದಲ್ಲಿ ಇದನ್ನು ಕಾಕ್ಕಾಪೂ ಎನ್ನುತ್ತಾರೆ, ಓಣಂ ಹಬ್ಬದ ಪೂಕಳಂಗೆ ಕೊಯ್ದು ತರುತ್ತಾರೆ. ಮಹಾರಾಷ್ಟ್ರದ ಕಾಸ್ ಬಯಲಿನಲ್ಲಿ ಇದರ ಬಳಗದ ಹೂವಿಗೆ ಸೀತೆಯ ಕಣ್ಣೀರು ಎಂಬ ಅರ್ಥದ ಹೆಸರಿದೆ. ಆ ಕಾಸ್ ಬಯಲು 2012ರಲ್ಲಿ ಪಶ್ಚಿಮ ಘಟ್ಟಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪದವುಗಳಿಗೆ ಅಂಥ ಅದೃಷ್ಟವಿಲ್ಲ. 'ಏನೂ ಬೆಳೆಯದ ಬಂಜರು' ಎಂದು ಹೇಳಿಬಿಡುತ್ತಾರೆ. ನನ್ನ ತವರೂರಿನ ಪದವಿನ ಅರ್ಧ ಈಗ ಕೆಂಪುಕಲ್ಲಿನ ಕೋರೆ. ಕಲ್ಲು ಕೊಯ್ದ ಗುಂಡಿಯಲ್ಲಿ ಹಸಿರು ನೀರು ನಿಂತಿದೆ. ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿ ಉಳಿದರ್ಧದಲ್ಲಿ ಡ್ರಾಸೆರ ತೋರಿಸಿದೆ. ಮೊಣಕಾಲೂರಿ ನೋಡಿದಳು. "ಅಮ್ಮಾ, ಇದನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತೀಯಲ್ಲ, ಇಲ್ಲಿ ತುಳಿದುಕೊಂಡು ಓಡಾಡುತ್ತಾರೆ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಾವು ಬಾಡಿಗೆಗಿದ್ದ ಮನೆಯ ಗೋಡೆಯೂ, ನನ್ನ ತವರುಮನೆಯ ಗೋಡೆಯೂ ಆ ಕಲ್ಲಿನದ್ದೇ ಅಲ್ಲವೆ?

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಅಲ್ಲಿಂದ ಗಿಡ ಕಿತ್ತು ತರಬೇಡಿ. ಆ ಡ್ರಾಸೆರಗಳ ಬಾಳು ಒಂದು ಮಳೆಗಾಲದ್ದು. ಮಳೆ ಮುಗಿಯುತ್ತಲೇ ಬೀಜ ಉದುರಿಸಿ ಒಣಗುತ್ತವೆ, ಮುಂದಿನ ಮಳೆಗೆ ಬೀಜ ಮೊಳೆಯುತ್ತದೆ. ಹೂವಿನ ಹೊತ್ತಿಗೆ ಕಿತ್ತರೆ ನಿಮ್ಮ ಕುಂಡದಲ್ಲೂ ಉಳಿಯುವುದಿಲ್ಲ, ಅಲ್ಲಿ ಮುಂದಿನ ವರ್ಷದ ಪೀಳಿಗೆಯೂ ಇರುವುದಿಲ್ಲ. ಊರಿನಲ್ಲಿ ಪದವು ಇದ್ದವರು ಆಗಸ್ಟ್-ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. 'ಇದು ಬಂಜರಲ್ಲ' ಎಂದು ಹೇಳಬಲ್ಲ ನಾಲ್ಕು ಜನ ಊರಿನಲ್ಲಿರಲಿ. ಪಂಚಾಯಿತಿಯಲ್ಲಿ ಗುಡ್ಡದ ಮಾತು ಬಂದಾಗ ಅದು ಉಪಯೋಗಕ್ಕೆ ಬಂದೀತು.

ಮೇಘಾಲಯದ ಹೂಜಿ ಗಿಡದ ಕಥೆಯೂ ಹೀಗೇ. ನೆಪೆಂಥಿಸ್ ಖಾಸಿಯಾನ ಎಂಬ ಆ ಜಾತಿಯೊಂದೇ ನಮ್ಮ ದೇಶದ ಹೂಜಿ ಗಿಡ. ಗಾರೋ ಜನ ಅದಕ್ಕೆ ದೆವ್ವದ ಬುಟ್ಟಿ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಕಿತ್ತು ಮಾರಿದ್ದರಿಂದಲೂ, ಗುಡ್ಡ ಅಗೆದದ್ದರಿಂದಲೂ ಅದು ಅಳಿವಿನ ಅಂಚಿಗೆ ಬಂದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆಯಿದೆ. ಕಾಡಿನಿಂದ ಕಿತ್ತರೆ ಅಪರಾಧ. ಫ್ಲೈಟ್ರ್ಯಾಪಿನ ತವರಾದ ಉತ್ತರ ಕ್ಯಾರೊಲಿನದಲ್ಲೂ ಕಳ್ಳರ ಕಾಟ ತಡೆಯಲಾಗದೆ 2014ರಲ್ಲಿ ಅದನ್ನು ಕದ್ದು ಕೀಳುವುದನ್ನು ಗಂಭೀರ ಅಪರಾಧವಾಗಿ ಮಾಡಿದರು. ಹಾಗಾಗಿ ಕೊಳ್ಳುವಾಗ, "ಇದು ಬೀಜದಿಂದ ಬೆಳೆಸಿದ್ದೋ, ಟಿಶ್ಯೂ ಕಲ್ಚರ್ ಗಿಡವೋ?" ಎಂದು ಕೇಳಿ. ಮಾರುವವನು ತಡಬಡಾಯಿಸಿದರೆ ಬೇರೆ ಅಂಗಡಿ ನೋಡಿ.

ಗೆಳತಿಯರು ಕೇಳುವ ಕೆಲವು ಪ್ರಶ್ನೆಗಳು

*ಹೂಜಿ ಒಂದೊಂದೇ ಒಣಗುತ್ತಿದೆ, ಗಿಡ ಸಾಯುತ್ತಿದೆಯೆ?* ಹಳೆಯ ಹೂಜಿ ಒಣಗುವುದು ಸಹಜ. ಹೊಸ ಎಲೆ ಬರುತ್ತಿದ್ದರೆ ಚಿಂತೆಯಿಲ್ಲ. ಪೂರ್ತಿ ಒಣಗಿದ್ದನ್ನು ಕತ್ತರಿಸಿ.

*ಹೂಜಿಯೊಳಗಿನ ನೀರು ಚೆಲ್ಲಿ ತೊಳೆಯಬೇಕೆ?* ಬೇಡವೇ ಬೇಡ. ಅದು ಗಿಡದ ಜೀರ್ಣರಸ. ತರುವಾಗ ದಾರಿಯಲ್ಲಿ ಚೆಲ್ಲಿದ್ದರೆ ಮಾತ್ರ ಎರಡು ಚಮಚ ಮಳೆನೀರು ಹಾಕಿ.

*ಮಕ್ಕಳ ಬೆರಳು ಸಿಕ್ಕಿದರೆ?* ಏನೂ ಆಗದು. ಗಿಡಕ್ಕೇ ದಣಿವು.

*ಬೀಜ ಹಾಕುವುದು ಹೇಗೆ?* ಡ್ರಾಸೆರದ ಬೀಜ ಧೂಳಿನಷ್ಟು ಸಣ್ಣದು. ಒದ್ದೆ ಪೀಟಿನ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಮೇಲೆ ಪಾರದರ್ಶಕ ಮುಚ್ಚಳ ಹಾಕಿ ಬೆಳಕಿನಲ್ಲಿಡಿ. ಕೆಲವು ವಾರದಲ್ಲಿ ಹಸಿರು ಚುಕ್ಕೆ ಕಾಣುತ್ತದೆ.

*ಫ್ಲೈಟ್ರ್ಯಾಪಿಗೆ ಮೊಗ್ಗು ಬಂದಿದೆ, ಇರಲೆ?* ಮೊದಲೆರಡು ವರ್ಷ ದೇಟು ಚಿಕ್ಕದಿರುವಾಗಲೇ ಕತ್ತರಿಸಿ. ಹೂ ಬಿಟ್ಟು ಎಳೆ ಗಿಡ ಬಡವಾಗುತ್ತದೆ.

*ಬಿಳಿ ಹಿಟ್ಟುತಿಗಣೆ ಹತ್ತಿದೆ, ಏನು ಸಿಂಪಡಿಸಲಿ?* ಹುಳ ತಿನ್ನುವ ಗಿಡಕ್ಕೇ ಹುಳ ಹತ್ತುವುದುಂಟು! ಸಿಂಪಡಿಸಲು ಹೋಗಬೇಡಿ. ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ ತೆಗೆಯಿರಿ.

ಮುಂಗಾರು ಹಿಡಿಯುವ ಮೊದಲು ಒಂದು ಡ್ರಮ್ಮು ತೊಳೆದಿಟ್ಟುಕೊಳ್ಳಿ, ಮೊದಲು ನೀರು ಕೂಡಿಡಿ, ಆಮೇಲೆ ಗಿಡ ತನ್ನಿ. ಒಂದೇ ಒಂದು ಡ್ರಾಸೆರ ಸಾಕು. ಅದು ಒಂದು ವರ್ಷ ನಿಮ್ಮ ಕೈಯಲ್ಲಿ ಬದುಕಿ, ಹೂ ಬಿಟ್ಟು, ಬೀಜ ಕೊಟ್ಟರೆ ಆ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಪಕ್ಕದ ಮನೆಯವರಿಗೆ ಕೊಡಿ. ಜೊತೆಗೆ ಒಂದು ಬಾಟಲಿ ಮಳೆನೀರನ್ನೂ ಕೊಡಿ, ಮರೆಯಬೇಡಿ.